ಅಮೆರಿಕದ ಅಂತರ್ಯುದ್ಧದ ಸೈನಿಕರ ಕಾಗದಗಳು: ಡೇರೆಯ ಬದುಕು, ಮನೆಯವರು, ದೇವರು

ಹಳೇಕಾಗದ:

ಅಮೆರಿಕದ ಅಂತರ್ಯುದ್ಧದಲ್ಲಿದ್ದ (1861–65) ಸೈನಿಕರು ಮನೆಗೆ ಬರೆದ ಕಾಗದಗಳನ್ನು ಈಚೆಗೆ ಓದ್ತಾ ಇದೀನಿ. ಗುಲಾಮಗಿರಿ ಜಗಳದಲ್ಲಿ ಉತ್ತರದ ರಾಜ್ಯಗಳು ಒಂದು ಕಡೆ, ದಕ್ಷಿಣದವು ಇನ್ನೊಂದು ಕಡೆ ನಿಂತು ಮಾಡಿದ ಈ ಯುದ್ಧ ಅಂದ್ರೆ ನಮಗೆ ಗೊತ್ತಿರೋದು ಅಧ್ಯಕ್ಷ ಲಿಂಕನ್, ಉತ್ತರದ ಸೇನಾಪತಿ ಗ್ರ್ಯಾಂಟ್, ದಕ್ಷಿಣದ ಸೇನಾಪತಿ ಲೀ, ದೊಡ್ಡ ಕಾಳಗ ನಡೆದ ಗೆಟ್ಟಿಸ್‌ಬರ್ಗ್. ಕಾಗದಗಳಲ್ಲಿ ಅವರೆಲ್ಲ ಮೂರು ಸಾಲಲ್ಲಿ ಮುಗಿದುಹೋಗ್ತಾರೆ. ಮಿಕ್ಕ ಪುಟಗಳ ತುಂಬ ಬೇರೆಯದೇ ವಿಷಯ. ಕಾಲುಚೀಲ ಹರಿದಿದೆ, ಇನ್ನೊಂದು ಜೊತೆ ಹೆಣೆದು ಕಳಿಸು. ಹಸು ಮಾರೋದಕ್ಕೆ ಅವಸರ ಮಾಡಬೇಡ. ಚಿಕ್ಕವನಿಗೆ ಹಲ್ಲು ಬಂತಾ? ಭಾನುವಾರ ಚರ್ಚಿನಲ್ಲಿ ಯಾರು ಪ್ರಸಂಗ ಮಾಡಿದ್ರು? ನನಗೋಸ್ಕರ ಪ್ರಾರ್ಥನೆ ಮಾಡು. ಈ ಭೂಮಿ ಮೇಲೆ ಸಿಗದಿದ್ರೆ ಅಗಲಿಕೆ ಇಲ್ಲದ ಕಡೆ ಸಿಗೋಣ.

ಕೊನೆಯ ಮಾತು ಎಷ್ಟು ಸಲ ಬರುತ್ತೆ ಅಂದ್ರೆ ಮೊದಮೊದಲು ಇದು ಆ ಕಾಲದ ಒಕ್ಕಣೆ ಇರಬೇಕು, ನಮ್ಮ 'ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ' ಇದ್ದ ಹಾಗೆ ಅಂದುಕೊಂಡೆ. ಓದ್ತಾ ಹೋದ ಹಾಗೆ ಅನುಮಾನ ಬಂತು. ಆ ಡೇರೆಗಳಲ್ಲಿ ಕ್ರೈಸ್ತ ನಂಬಿಕೆ ನಿಜಕ್ಕೂ ಏನು ಕೆಲಸ ಮಾಡ್ತಿತ್ತು? ಸಾವಿನ ಭಯಕ್ಕೆ ಮದ್ದೋ, ಊರಿನ ಅಭ್ಯಾಸವೋ, ಇನ್ನೇನಾದರೂ ಇತ್ತೋ? ಓದಿಕೊಂಡವರು ಇಲ್ಲಿ ಇದೀರಿ, ಹೇಳಿ.

ನಿವೃತ್ತ ಹವಾಲ್ದಾರ್:

ನಂಬಿಕೆ ವಿಷಯ ಬಲ್ಲವರು ಹೇಳಲಿ ಸರ್, ನಾನು ಡೇರೆ ವಿಷಯ ಹೇಳ್ತೀನಿ. ಸೈನ್ಯದಲ್ಲಿ ಇಲ್ಲದವರಿಗೆ ಯುದ್ಧ ಅಂದ್ರೆ ಗುಂಡಿನ ಸದ್ದು. ಇದ್ದವರಿಗೆ ಯುದ್ಧ ಅಂದ್ರೆ ಕಾಯೋದು. ಅಲ್ಲೂ ಅದೇ. ವರ್ಷದಲ್ಲಿ ಕೆಲವು ದಿನ ಕಾಳಗ, ಮಿಕ್ಕಿದ್ದು ಕವಾಯತು, ಕಾವಲು, ಸೌದೆ, ನೀರು, ಮತ್ತೆ ಕವಾಯತು. ಚಳಿಗಾಲದಲ್ಲಿ ರಸ್ತೆ ಕೆಸರಾದ್ರೆ ತೋಪಿನ ಗಾಡಿ ಕದಲೋದಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಒಂದೇ ಕಡೆ ಠಿಕಾಣಿ.

ದಂಡು ನಡೆದು ಹೊರಟಾಗ ಒಬ್ಬೊಬ್ಬನ ಬೆನ್ನ ಮೇಲೂ ಅರ್ಧ ಡೇರೆ. ರಾತ್ರಿ ಇಬ್ಬರು ತಂತಮ್ಮ ಅರ್ಧ ಸೇರಿಸಿ ಗುಂಡಿ ಹಾಕಿದ್ರೆ ಒಂದು ಡೇರೆ. ಅಂದ್ರೆ ಜೊತೆಗಾರ ಸತ್ರೆ ನಿಮ್ಮ ಸೂರಿನಲ್ಲಿ ಅರ್ಧ ಹೋಯ್ತು. ಚಳಿಗಾಲದಲ್ಲಿ ಮರದ ದಿಮ್ಮಿ ಅಡ್ಡಡ್ಡ ಇಟ್ಟು ಎದೆಯೆತ್ತರ ಗೋಡೆ, ಮೇಲೆ ಅದೇ ಡೇರೆ ಬಟ್ಟೆ, ಕಡ್ಡಿಗೆ ಮಣ್ಣು ಮೆತ್ತಿ ಹೊಗೆಗೂಡು. ಹೊಗೆಗೂಡಿನ ತುದಿಗೆ ತಳ ಕಿತ್ತ ಪೀಪಾಯಿ. ಆ ಪೀಪಾಯಿಗೆ ಆಗಾಗ ಬೆಂಕಿ ಹತ್ಕೊಳ್ತಿತ್ತು. ಪಕ್ಕದ ಗುಡಿಸಲಿನವರಿಗೆ ಅದೇ ಮನರಂಜನೆ.

ಊಟ: ಉಪ್ಪು ಹಾಕಿದ ಹಂದಿ ಮಾಂಸ, ಕಾಫಿ, ಮತ್ತೆ ಹಾರ್ಡ್‌ಟ್ಯಾಕ್ ಅನ್ನೋ ಬಿಸ್ಕತ್ತು. ಹಿಟ್ಟು, ನೀರು ಬಿಟ್ರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬಂದೂಕಿನ ಹಿಡಿಯಿಂದ ಕುಟ್ಟಿ ಪುಡಿ ಮಾಡಿ ಬಿಸಿ ಕಾಫಿಗೆ ಹಾಕೋರು. ಒಳಗಿದ್ದ ಹುಳ ಮೇಲೆ ತೇಲೋದು. ಚಮಚದಿಂದ ತೆಗೆದು ಎಸೆದು ಕುಡಿಯೋರು. ರಾತ್ರಿ ಹೊತ್ತು ತಿಂದ್ರೆ ಹುಳ ಕಾಣಲ್ಲ, ಅದು ಇನ್ನೂ ಸುಲಭ.

ಕಾಗದದಲ್ಲಿ ಕಾಲುಚೀಲ ಯಾಕೆ ಅಷ್ಟು ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ. ಹೆಂಡತಿ ಹೆಣೆದ ಕಾಲುಚೀಲ ಕಾಲಿಗೆ ಮಾತ್ರ ಅಲ್ಲ.

ಇತಿಹಾಸ ಮೇಷ್ಟ್ರು:

ಹವಾಲ್ದಾರ್ ಸಾಹೇಬರು ಒಂದು ಬಿಟ್ಟರು: ರೋಗ. ಎರಡೂ ಕಡೆ ಸೇರಿ ಸತ್ತವರು ಸುಮಾರು 6,20,000 ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಲೆಕ್ಕ. ಇನ್ನೂ ಹೆಚ್ಚು ಎನ್ನುವವರೂ ಇದ್ದಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸತ್ತದ್ದು ಗುಂಡಿಗಲ್ಲ, ಭೇದಿ, ವಿಷಮಶೀತ ಜ್ವರ, ದಡಾರಕ್ಕೆ. ಒಂಟಿ ಹೊಲದ ಮನೆಗಳಲ್ಲಿ ಬೆಳೆದ ಹುಡುಗರಿಗೆ ಚಿಕ್ಕಂದಿನಲ್ಲಿ ದಡಾರ ಬಂದಿರಲಿಲ್ಲ. ಸಾವಿರ ಜನರನ್ನು ಒಂದು ಬಯಲಿನಲ್ಲಿ ತಂದು ತುಂಬಿದ ಮೊದಲ ತಿಂಗಳಲ್ಲೇ ಅದು ಬಡಿಯಿತು. ಶತ್ರುವಿನ ಮುಖ ನೋಡುವ ಮೊದಲೇ ಹೂಳಿಸಿಕೊಂಡವರು ಬಹಳ. ಹಾಗಾಗಿ ಸಾವಿನ ಮಾತು ಕಾಳಗದ ಹಿಂದಿನ ರಾತ್ರಿಗಷ್ಟೇ ಸೇರಿದ್ದಲ್ಲ, ಸುಮ್ಮನೆ ಕೂತ ದಿನಕ್ಕೂ ಸೇರಿದ್ದು.

ಇನ್ನು ಮನೆ. ಉತ್ತರದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, 1864ರ ಜೂನ್‌ನಿಂದ 16. ಅದೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಸಂಬಳ ಹಂಚುವ ಅಧಿಕಾರಿ ತಿಂಗಳುಗಟ್ಟಲೆ ಕಾಣಿಸುತ್ತಲೇ ಇರಲಿಲ್ಲ. ಅತ್ತ ಮನೆಯಲ್ಲಿ ಅಂಗಡಿಯವನ ಸಾಲ ಬೆಳೆಯುತ್ತಿತ್ತು. ಬಂದ ದುಡ್ಡನ್ನು ಊರಿಗೆ ಹೊರಟವನ ಕೈಯಲ್ಲಿ ಕೊಟ್ಟು ಕಳಿಸಬೇಕು, ಇಲ್ಲ ಕಾಗದದೊಳಗಿಟ್ಟು ದೇವರ ಮೇಲೆ ಭಾರ ಹಾಕಬೇಕು. ಸರ್ಕಾರ ಅಂಚೆ ಮನಿ ಆರ್ಡರ್ ಶುರು ಮಾಡಿದ್ದೇ 1864ರ ನವೆಂಬರ್‌ನಲ್ಲಿ, ಮುಖ್ಯವಾಗಿ ಈ ತೊಂದರೆಗೆ.

ಅಂಚೆಗೆ ಮೂರು ಸೆಂಟ್. ಚೀಟಿ ಇಲ್ಲದಿದ್ದರೆ ಲಕೋಟೆಯ ಮೇಲೆ 'ಸೈನಿಕನ ಕಾಗದ' ಎಂದು ಅಧಿಕಾರಿಯಿಂದ ಬರೆಸಿ ಕಳಿಸಬಹುದಿತ್ತು, ಅಂಚೆ ಹಣವನ್ನು ಕಾಗದ ಪಡೆದವರು ತೆರಬೇಕು. ದಕ್ಷಿಣದಲ್ಲಿ 1862ರಿಂದ ಹತ್ತು ಸೆಂಟ್, ಜೊತೆಗೆ ಕಾಗದದ ಬರ. ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಬರೆದರು. ಬಂದ ಲಕೋಟೆಯನ್ನು ಬಿಚ್ಚಿ ಒಳಮಗ್ಗಲು ಹೊರಗೆ ಮಾಡಿ ವಾಪಸ್ ಕಳಿಸಿದರು. ಬರೆದ ಪುಟವನ್ನೇ ಅಡ್ಡ ತಿರುಗಿಸಿ ಸಾಲಿನ ಮೇಲೆ ಸಾಲು ಬರೆದರು. ಅಂಥ ಒಂದನ್ನು ಓದಿ ನೋಡಿ, ಕಣ್ಣು ಹೋಗುತ್ತದೆ.

ಪಾದ್ರಿಮನೆ ಹುಡುಗಿ:

ನಾನು ಬೆಳೆದದ್ದೇ ಸಭಾಪಾಲಕರ ಮನೆಯಲ್ಲಿ, ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತೆ, ಕ್ಷಮಿಸಿ.

ಹಳೇಕಾಗದ ಅವರ ಪ್ರಶ್ನೆಯಲ್ಲಿ 'ಸಾವಿನ ಭಯವೋ, ಊರಿನ ಅಭ್ಯಾಸವೋ' ಅಂತಿದೆ. ನನಗೆ ಆ ಎರಡೂ ಸಾಲದು ಅನ್ನಿಸುತ್ತೆ. ಆ ಕಾಲದ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಭಕ್ತಿಯ ಜಾಗ ಚರ್ಚಿಗಿಂತ ಊಟದ ಮೇಜು. ಸಂಜೆ ಅಪ್ಪನೋ ಅಮ್ಮನೋ ಸತ್ಯವೇದದ, ಅಂದ್ರೆ ಬೈಬಲ್ಲಿನ, ಒಂದು ಅಧ್ಯಾಯ ಓದಬೇಕು, ಎಲ್ಲರೂ ಮೊಣಕಾಲೂರಬೇಕು. ಹುಡುಗ ಸೈನ್ಯಕ್ಕೆ ಹೊರಟಾಗ ತಾಯಿ ಕೈಗೆ ಕೊಡುತ್ತಿದ್ದದ್ದು ಜೇಬಿಗೆ ಹಿಡಿಸುವ ಹೊಸ ಒಡಂಬಡಿಕೆ (ಬೈಬಲ್ಲಿನ ಎರಡನೇ ಭಾಗ), ಒಳಪುಟದಲ್ಲಿ ಅವನ ಹೆಸರು, ಅವಳ ಕೈಬರಹ. 'ದಿನಾ ಓದ್ತೀನಿ, ಕುಡಿಯಲ್ಲ, ಇಸ್ಪೀಟು ಮುಟ್ಟಲ್ಲ' ಅಂತ ಮಾತು ತಗೊಂಡೇ ಕಳಿಸ್ತಿದ್ರು. ಅಂದ್ರೆ ಅವನು ಡೇರೆಯಲ್ಲಿ ಆ ಪುಸ್ತಕ ತೆರೆದಾಗ ಮೊದಲು ಸಿಗುತ್ತಿದ್ದದ್ದು ಅದರ ಮೊದಲ ಅಧ್ಯಾಯಗಳ ಮತ್ತಾಯನಲ್ಲ, ಅಮ್ಮ. ಗಂಡ ಹೆಂಡತಿ 'ಇಂಥ ಹೊತ್ತಿಗೆ ನೀನು ಅಲ್ಲಿ, ನಾನು ಇಲ್ಲಿ ಪ್ರಾರ್ಥನೆ ಮಾಡೋಣ' ಅಂತ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದರು. ಅವರಿಗೆ ಇದ್ದ ಫೋನು ಅದೊಂದೇ.

ಅದಕ್ಕೇ ಅವರ ಪರಲೋಕವೂ ಮನೆಯ ಹಾಗೇ ಇದೆ. ಸಿಂಹಾಸನ, ದೇವದೂತರು ಕಡಿಮೆ. ತೀರಿಹೋದ ಮಗು, ಅಪ್ಪ, ತಂಗಿ, ಎಲ್ಲರೂ ಮತ್ತೆ ಒಂದೇ ಕಡೆ ಸೇರೋದು, ಅಷ್ಟೇ. ರೋಡ್ ಐಲೆಂಡಿನ ಸಲಿವನ್ ಬಲೂ ಹೆಂಡತಿ ಸಾರಾಗೆ 1861ರ ಜುಲೈ 14ರಂದು ಬರೆದ ಕಾಗದ ನೋಡಿ. ಒಂದು ವಾರದಲ್ಲಿ ಬುಲ್ ರನ್ ಕಾಳಗದಲ್ಲಿ ಗಾಯಗೊಂಡು, ಇನ್ನೊಂದು ವಾರಕ್ಕೆ ತೀರಿಕೊಂಡ. ಕಾಗದ ಅವನ ಪೆಟ್ಟಿಗೆಯಲ್ಲೇ ಉಳಿದಿತ್ತು. ದೇಶದ ಮೇಲಿನ ಪ್ರೀತಿ, ಅವಳ ಮೇಲಿನ ಪ್ರೀತಿ ಎರಡೂ ಅವನನ್ನು ಎಳೀತಿವೆ. ಕೊನೆಗೆ ಅವನು ಹೇಳೋದು ನಿನಗಾಗಿ ಕಾಯ್ತಿರ್ತೀನಿ, ಮತ್ತೆ ಸಿಗೋಣ ಅಂತ. ಇದನ್ನು ಬರೀ ಭಯ ಅನ್ನೋಕೆ ನನಗೆ ಮನಸ್ಸು ಒಪ್ಪಲ್ಲ.

ಸಂಶಯಾತ್ಮ:

ಹುಡುಗಿಯವರ ಮಾತು ಚೆನ್ನಾಗಿದೆ. ಆದರೆ ಈ ಕಡೆಯ ಅಮ್ಮ ಕೊಟ್ಟ ಹೊಸ ಒಡಂಬಡಿಕೆ ಜೇಬಲ್ಲಿಟ್ಟುಕೊಂಡವನು ಆ ಕಡೆಯ ಅಮ್ಮ ಕೊಟ್ಟ ಹೊಸ ಒಡಂಬಡಿಕೆ ಜೇಬಲ್ಲಿಟ್ಟುಕೊಂಡವನ ಎದೆಗೆ ಗುಂಡು ಹೊಡೀತಿದ್ದ, ಅದನ್ನೂ ಸೇರಿಸಿ. ಇಬ್ಬರೂ ಓದೋದು ಒಂದೇ ಬೈಬಲ್, ಬೇಡೋದು ಒಬ್ಬನೇ ದೇವರನ್ನ ಅಂತ ಲಿಂಕನ್ನೇ 1865ರ ಮಾರ್ಚ್ 4ರ ಭಾಷಣದಲ್ಲಿ ಹೇಳಿದ.

ಸೈನಿಕರಿಗಿಂತ ಮೊದಲು ಒಡೆದದ್ದು ಚರ್ಚುಗಳು. ಗುಲಾಮಗಿರಿ ಪ್ರಶ್ನೆ ಮೇಲೆ ಮೆಥಡಿಸ್ಟರು 1844–45ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರ–ದಕ್ಷಿಣ ಅಂತ ಬೇರೆಯಾದರು. ದಕ್ಷಿಣದ ಬೋಧಕರು ವೇದವಾಕ್ಯ ಇಟ್ಕೊಂಡೇ ಗುಲಾಮಗಿರಿ ಸಮರ್ಥಿಸಿದ್ರು. ಶೈಲೋ ಕಾಳಗಕ್ಕೆ ಆ ಹೆಸರು ಬಂದದ್ದು ಅಲ್ಲಿದ್ದ ಮೆಥಡಿಸ್ಟ್ ಪ್ರಾರ್ಥನಾ ಮಂದಿರದಿಂದ. ಶುರುವಾದದ್ದು 1862ರ ಏಪ್ರಿಲ್ 6, ಭಾನುವಾರ. ಎರಡು ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000ಕ್ಕೂ ಹೆಚ್ಚು. ಭಾನುವಾರ ಕೆಲಸ ಕಡಿಮೆ ಮಾಡಿಸಿ ಅಂತ ಲಿಂಕನ್ ಅದೇ ವರ್ಷ ನವೆಂಬರ್‌ನಲ್ಲಿ ಆಜ್ಞೆ ಹೊರಡಿಸ್ತಾನೆ. ಕೊಲ್ಲೋದಕ್ಕೆ ಭಾನುವಾರ ರಜ ಇತ್ತಾ?

ಡೇರೆ ಭಕ್ತಿ ಬಗ್ಗೆ ನನ್ನ ಮಾತು ಇಷ್ಟು: ಅಧಿಕಾರಿಗಳಿಗೆ ಅದು ಅನುಕೂಲವಾಗಿತ್ತು. ಕುಡಿಯದ, ಜೂಜಾಡದ, ಸಾಯೋಕೆ ಹೆದರದ ಸಿಪಾಯಿ ಯಾರಿಗೆ ಬೇಡ?

ರಾತ್ರಿಪಾಳಿ:

ಇಸ್ಪೀಟಿನ ಮಾತು ಬಂತಲ್ರೀ, ನಾ ಒಂದು ಓದಿದ್ದೆ. ಕಾಳಗಕ್ಕ ಹೊಂಟಾಗ ದಾರಿ ತುಂಬ ಇಸ್ಪೀಟಿನ ಎಲಿ ಬಿದ್ದಿರ್ತಿದ್ವಂತ. ಸತ್ತರ ಜೇಬಿನ್ಯಾಗ ಇಸ್ಪೀಟು ಸಿಕ್ಕೀತು, ಮನಿಯವರಿಗೆ ಗೊತ್ತಾದೀತು ಅಂತ ಒಗದು ಹೋಗೋರು. ಬದುಕಿ ಬಂದಮ್ಯಾಲೆ ಮತ್ತ ಹೊಸ ಕಟ್ಟು ಕೊಳ್ಳೋರು. ಇದು ದೇವರ ಅಂಜಿಕಿ ಏನ್ರೀ, ಅವ್ವನ ಅಂಜಿಕಿ ಏನ್ರೀ?

ಪಾದ್ರಿಮನೆ ಹುಡುಗಿ:

ರಾತ್ರಿಪಾಳಿ ಅಣ್ಣ, ನಾನು ಇಷ್ಟುದ್ದ ಬರೆದದ್ದನ್ನ ನೀವು ನಾಲ್ಕು ಸಾಲಲ್ಲಿ ಹೇಳಿಬಿಟ್ರಿ. ಎರಡೂ ಒಂದೇ ಆಗಿತ್ತು ಅನ್ನೋದೇ ನನ್ನ ವಾದ.

ಇತಿಹಾಸ ಮೇಷ್ಟ್ರು:

ಸಂಶಯಾತ್ಮರೇ, ಅಧಿಕಾರಿಗಳಿಗೆ ಅನುಕೂಲವಾಗಿತ್ತು ಎಂಬುದು ನಿಜ, ಆದರೆ ಅವರು ಶುರು ಮಾಡಿಸಿದ್ದಲ್ಲ. ಮೊದಲ ವರ್ಷ ಡೇರೆಗಳ ಹೆಸರು ಕೆಟ್ಟಿತ್ತು. ಕುಡಿತ, ಜೂಜು, ಬೈಗುಳ. ಭಕ್ತರಾದ ಹುಡುಗರೇ 'ಇಲ್ಲಿ ಪ್ರಾರ್ಥನೆ ಮಾಡಿದರೆ ನಗುತ್ತಾರೆ' ಎಂದು ಮನೆಗೆ ಬರೆದಿದ್ದಾರೆ. ರೆಜಿಮೆಂಟಿಗೊಬ್ಬ ಸೇನಾಬೋಧಕ ಇರಬೇಕಿತ್ತು. ಉತ್ತರದಲ್ಲಿ ಅವನಿಗೆ 1862ರಿಂದ ತಿಂಗಳಿಗೆ 100 ಡಾಲರ್, ಸಿಪಾಯಿಯ ಏಳೆಂಟು ಪಟ್ಟು. ಹಲವು ರೆಜಿಮೆಂಟುಗಳಿಗೆ ಬೋಧಕನೇ ಇರಲಿಲ್ಲ. ಬಂದವರಲ್ಲಿ ಕೆಲವರು ಚಳಿಗೆ ಹೆದರಿ ರಾಜೀನಾಮೆ ಕೊಟ್ಟು ಹೋದರು. ಉಳಿದು ಹೆಸರು ತೆಗೆದವರು ಪ್ರಸಂಗದಿಂದ ತೆಗೆಯಲಿಲ್ಲ. ಅಂಚೆ ಚೀಲ ಹೊತ್ತು ತಂದರು, ಅಕ್ಷರ ಬಾರದವನಿಗೆ ಕಾಗದ ಬರೆದುಕೊಟ್ಟರು, ರೋಗಿಯ ಪಕ್ಕ ಕೂತರು.

ದೊಡ್ಡ ಉಜ್ಜೀವನಗಳು, ಎಂದರೆ ಜನ ಗುಂಪುಗುಂಪಾಗಿ ಭಕ್ತಿಗೆ ತಿರುಗುವ ಅಲೆಗಳು, ಬಂದದ್ದು ಆಮೇಲೆ. 1862ರ ಡಿಸೆಂಬರ್ ಕಾಳಗದ ನಂತರ ಫ್ರೆಡ್ರಿಕ್ಸ್‌ಬರ್ಗಿನಲ್ಲಿ ಬೀಡುಬಿಟ್ಟಿದ್ದ ದಕ್ಷಿಣದ ಕಡೆಯ ಮಿಸಿಸಿಪ್ಪಿಯ ದಳದಲ್ಲಿ, ಗೆಟ್ಟಿಸ್‌ಬರ್ಗ್ ಸೋಲಿನ ನಂತರ ಲೀಯ ಸೈನ್ಯದ ತುಂಬ, 1864ರ ಚಳಿಗಾಲ, ವಸಂತದಲ್ಲಿ ಜಾರ್ಜಿಯಾದ ಡಾಲ್ಟನ್ನಿನಲ್ಲಿ. ಗಮನಿಸಿ, ಹೆಚ್ಚಿನವು ಸೋಲಿನ ಬೆನ್ನಿಗೇ ಬಂದವು. ಹೀಗೆ ಭಕ್ತಿಗೆ ತಿರುಗಿದವರ ಬಗ್ಗೆ ದಕ್ಷಿಣದ ಬೋಧಕರು ಕೊಡುವ ಲೆಕ್ಕ ಲಕ್ಷ ದಾಟುತ್ತದೆ, ಅದನ್ನು ಪೂರ್ತಿ ನಂಬಬೇಕಿಲ್ಲ. ಆದರೆ ರ‍್ಯಾಪಿಡಾನ್ ನದಿಯಲ್ಲಿ ದೀಕ್ಷಾಸ್ನಾನ ನಡೆಯುವಾಗ ಆಚೆ ದಡದ ಶತ್ರು ಕಾವಲಿನವರು ಗುಂಡು ಹಾರಿಸದೆ ನೋಡುತ್ತ ನಿಂತಿದ್ದರು ಎಂದು ಆ ಬೋಧಕರೇ ಬರೆದದ್ದನ್ನು ಓದಿದರೆ, ಇದು ಮೇಲಿನಿಂದ ಬಂದ ಹುಕುಂ ಅಲ್ಲ ಎಂದು ಅನ್ನಿಸುತ್ತದೆ.

ಉತ್ತರದಲ್ಲಿ ಯು.ಎಸ್. ಕ್ರಿಶ್ಚಿಯನ್ ಕಮಿಷನ್ ಎಂಬ ಸಂಸ್ಥೆ 1861ರ ನವೆಂಬರ್‌ನಲ್ಲಿ ಹುಟ್ಟಿತು. ಫಿಲಡೆಲ್ಫಿಯಾದ ವ್ಯಾಪಾರಿ ಜಾರ್ಜ್ ಸ್ಟುವರ್ಟ್ ಅದರ ಅಧ್ಯಕ್ಷ. ಸಂಬಳವಿಲ್ಲದೆ ಕೆಲವು ವಾರಗಳ ಮಟ್ಟಿಗೆ ಬಂದು ದುಡಿದ ಸ್ವಯಂಸೇವಕರು ಐದು ಸಾವಿರದ ಹತ್ತಿರ. ಧರ್ಮಪುಸ್ತಕದ ಜೊತೆಗೆ ಅವರು ಹಂಚಿದ್ದು ಬರೆಯುವ ಕಾಗದ ಮತ್ತು ಲಕೋಟೆ. ಚಳಿಗಾಲದಲ್ಲಿ ಸೈನಿಕರು ದಿಮ್ಮಿಯ ಗೋಡೆ ಎಬ್ಬಿಸಿದರೆ ಇವರು ಮೇಲೆ ಹೊದಿಸಲು ದೊಡ್ಡ ಕ್ಯಾನ್ವಾಸ್ ಕೊಡುತ್ತಿದ್ದರು, ಅದೇ ಪ್ರಾರ್ಥನಾ ಮಂದಿರ. ಹಗಲು ಅಲ್ಲೇ ಕೂತು ಮನೆಗೆ ಕಾಗದ ಬರೆಯುವುದು, ಸಂಜೆ ಅಲ್ಲೇ ಕೂಟ.

ರಾತ್ರಿಪಾಳಿ:

ಎಲ್ಲಾರೂ ಪ್ರಾಟೆಸ್ಟೆಂಟರೇ ಏನ್ರೀ? ಐರಿಷ್ ಕ್ಯಾಥೊಲಿಕ್ ಮಂದಿ ಇದ್ರಲ್ಲ?

ಪಾದ್ರಿಮನೆ ಹುಡುಗಿ:

ಇದ್ರು ಅಣ್ಣ, ಬೇಕಾದಷ್ಟು. ಗೆಟ್ಟಿಸ್‌ಬರ್ಗಿನ ಎರಡನೇ ದಿನ, 1863ರ ಜುಲೈ 2, ಉತ್ತರದ ಐರಿಷ್ ಬ್ರಿಗೇಡ್ ಗೋಧಿ ಹೊಲದ ಕಡೆ ನುಗ್ಗೋಕೆ ಮುಂಚೆ ಫಾದರ್ ವಿಲಿಯಂ ಕಾರ್ಬಿ ಒಂದು ಬಂಡೆ ಹತ್ತಿ ನಿಂತು ಎಲ್ಲರಿಗೂ ಒಟ್ಟಿಗೆ ಪಾಪವಿಮೋಚನೆ ಕೊಟ್ರು. ಐನೂರು ಚಿಲ್ಲರೆ ಜನ ಮೊಣಕಾಲೂರಿದ್ರು. ಒಬ್ಬೊಬ್ಬರ ಪಾಪನಿವೇದನೆ ಕೇಳೋಕೆ ಸಮಯ ಇರಲಿಲ್ಲ. ಅದೇ ಬಂಡೆಯ ಮೇಲೆ 1910ರಿಂದ ಅವರ ಪ್ರತಿಮೆ ಇದೆ. ಶತ್ರುವಿಗೆ ಬೆನ್ನು ತೋರಿಸಿದವನಿಗೆ ಕ್ರೈಸ್ತ ಸಮಾಧಿ ಇಲ್ಲ ಅಂತಲೂ ಅವರು ಆವತ್ತು ಹೇಳಿದ್ದರಂತೆ, ಸಂಶಯಾತ್ಮ ಅವರಿಗೆ ಇದು ಉಪಯೋಗಕ್ಕೆ ಬರಬಹುದು, ಇಟ್ಕೊಳ್ಳಿ.

ಯೆಹೂದ್ಯರಿಗೆ ಮೊದಲು ಬೋಧಕರೇ ಇರುವಂತಿರಲಿಲ್ಲ. 1861ರ ಕಾನೂನಿನಲ್ಲಿ ಸೇನಾಬೋಧಕ ಕ್ರೈಸ್ತ ಪಂಗಡದವನೇ ಆಗಿರಬೇಕು ಅಂತಿತ್ತು. ಯೆಹೂದ್ಯ ಧರ್ಮಬೋಧಕ ಅರ್ನಾಲ್ಡ್ ಫಿಶೆಲ್ ಲಿಂಕನ್ ಹತ್ತಿರವೇ ಹೋಗಿ ವಾದಿಸಿದ ಮೇಲೆ 1862ರ ಜುಲೈನಲ್ಲಿ ಬದಲಾಯಿತು.

ಕಪ್ಪುಹಲಗೆ:

ಇಷ್ಟು ಹೊತ್ತು ಓದುತ್ತಾ ಇದ್ದೆ. ಈ ಚರ್ಚೆಯಲ್ಲಿ ಎಲ್ಲರ ಸೈನಿಕನಿಗೂ ಒಂದು ಮನೆ ಇದೆ, ಅಲ್ಲಿ ಮೇಜಿದೆ, ಅಮ್ಮ ಇದ್ದಾಳೆ, ಕಾಗದ ತಲುಪುವ ವಿಳಾಸವಿದೆ. ಉತ್ತರದ ಸೈನ್ಯದಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಅವರಲ್ಲಿ ಬಹಳ ಜನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಅವರ ಹೆಂಡತಿ ಮಕ್ಕಳು ಇನ್ನೂ ಯಾರದೋ ಆಸ್ತಿ. ಅವರು ಮನೆಗೆ ಕಾಗದ ಬರೆಯುವುದು ಎಲ್ಲಿಗೆ?

ಸ್ಪಾಟ್ಸ್‌ವುಡ್ ರೈಸ್ ಬರೆದ. ಮಿಸೌರಿಯವನು, 67ನೇ ಕಪ್ಪು ಪದಾತಿ ರೆಜಿಮೆಂಟಿನ ಸಿಪಾಯಿ. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಯ ಬೆಂಟನ್ ಬ್ಯಾರಕ್ಸ್ ಆಸ್ಪತ್ರೆಯಲ್ಲಿ ಮಲಗಿದ್ದವನು ಎರಡು ಕಾಗದ ಬರೆದ. ಒಂದು ಮಕ್ಕಳಿಗೆ: ಎದೆಗುಂದಬೇಡಿ, ಪ್ರಾಣ ಹೋದರೂ ನಿಮ್ಮನ್ನು ಬಿಡಿಸಿಕೊಂಡು ಬರುತ್ತೇನೆ. ನಿಮ್ಮನ್ನು ಕದಿಯಲು ನೋಡಿದೆ ಎಂದು ಒಡತಿ ಹೇಳುತ್ತಾಳೆ, ತನ್ನ ರಕ್ತಮಾಂಸವನ್ನೇ ಒಬ್ಬ ಕದಿಯುವುದು ಎಂದರೇನು, ದೇವರು ಹಾಗೆ ಇಟ್ಟಿಲ್ಲ ಎಂದು ಅವಳಿಗೆ ತಿಳಿಸುತ್ತೇನೆ. ಇನ್ನೊಂದು ಆ ಒಡತಿ ಕಿಟ್ಟಿ ಡಿಗ್ಸ್‌ಗೇ: ಮೇರಿ ನನ್ನ ಮಗಳು, ದೇವರು ಕೊಟ್ಟ ಹಕ್ಕು. ಹಿಂದೆ ಒಮ್ಮೆ ನನ್ನ ಮಗುವಿಗೇ ನಲವತ್ತು ಡಾಲರ್ ಕೊಡುತ್ತೇನೆಂದು ಕೇಳಿದ್ದೆ, ನೀನು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಅವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀಯೋ ಅಷ್ಟು ಕಾಲ ನರಕದಲ್ಲಿ ಬೇಯುತ್ತೀಯ.

ಈ ಕಾಗದಗಳು ನಮಗೆ ಸಿಕ್ಕಿದ್ದು ಹೇಗೆ ಗೊತ್ತೇ? ಒಡತಿಯ ಅಣ್ಣನೋ ತಮ್ಮನೋ ಆ ಊರಿನ ಅಂಚೆ ಮಾಸ್ತರ. ಒಬ್ಬ ಕಪ್ಪು ಮನುಷ್ಯ ಹೀಗೆ ಅವಮಾನ ಮಾಡುವುದನ್ನು ಸಹಿಸಲಾರೆ ಎಂದು ದೂರು ಬರೆದು ಕಾಗದಗಳನ್ನೇ ಲಗತ್ತಿಸಿ ಜನರಲ್ ರೋಸ್‌ಕ್ರಾನ್ಸ್‌ಗೆ ಕಳಿಸಿದ. ಸರ್ಕಾರಿ ಕಡತದಲ್ಲಿ ಉಳಿಯಿತು. ರೈಸ್‌ಗೆ ಮಕ್ಕಳು ಸಿಕ್ಕರು. 1930ರ ದಶಕದಲ್ಲಿ, ಹಿಂದೆ ಗುಲಾಮರಾಗಿದ್ದವರ ಮಾತು ಬರೆದಿಡುವ ಸರ್ಕಾರಿ ಯೋಜನೆಗೆ ಮೇರಿ ತನ್ನ ಅಪ್ಪನ ಬಗ್ಗೆ ಹೇಳಿದ್ದೂ ಉಳಿದಿದೆ. ಆತ ಮುಂದೆ ಮೆಥಡಿಸ್ಟ್ ಬೋಧಕನಾದ.

ಎಲ್ಲರಿಗೂ ಹೀಗೆ ಆಗಲಿಲ್ಲ. ಕೆಂಟಕಿಯ ಕ್ಯಾಂಪ್ ನೆಲ್ಸನ್‌ಗೆ ಸೇರಲು ಬಂದ ಜೋಸೆಫ್ ಮಿಲ್ಲರ್ ಹೆಂಡತಿ ಮತ್ತು ನಾಲ್ಕು ಮಕ್ಕಳನ್ನು ಕರೆದುಕೊಂಡೇ ಬಂದ, ಬಿಟ್ಟು ಬಂದರೆ ಯಜಮಾನ ಅವರನ್ನು ಸಾಕುವುದಿಲ್ಲ, ಹಿಂಸೆ ಕೊಡುತ್ತಾನೆಂದು. ನೀನು ಸೈನ್ಯ ಸೇರಿದರೆ ಅವರಿಗೆ ಜಾಗವಿದೆ ಎಂದರು. 1864ರ ನವೆಂಬರ್ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ಹೆಂಗಸರು ಮಕ್ಕಳನ್ನೆಲ್ಲ ಹೊರಹಾಕಲು ಆಜ್ಞೆಯಾಯಿತು. ಏಳು ವರ್ಷದ ಮಗನಿಗೆ ಹುಷಾರಿಲ್ಲ, ಗಾಳಿಗೆ ಒಡ್ಡಿದರೆ ಸಾಯುತ್ತಾನೆ ಎಂದು ಮಿಲ್ಲರ್ ಕಾವಲಿನವನಿಗೆ ಹೇಳಿದ. ಗಾಡಿ ಹತ್ತದಿದ್ದರೆ ಎಲ್ಲರಿಗೂ ಗುಂಡು ಹೊಡೆಯುತ್ತೇನೆ ಎಂದನಂತೆ ಅವನು. ರಾತ್ರಿ ಆರು ಮೈಲಿ ನಡೆದು ಹೋಗಿ ಮಿಲ್ಲರ್ ಅವರನ್ನು ಕಂಡದ್ದು ಕಪ್ಪು ಜನರ ಪ್ರಾರ್ಥನಾ ಮಂದಿರದಲ್ಲಿ. ಬೆಂಕಿ ಒಂದೇ ಒಲೆಯಲ್ಲಿ, ಜನ ತುಂಬಿದ್ದರು, ಇವರಿಗೆ ಹತ್ತಿರ ಹೋಗಲಾಗಿರಲಿಲ್ಲ. ಹುಡುಗ ಸತ್ತಿದ್ದ. ರಾತ್ರಿಯೇ ಶಿಬಿರಕ್ಕೆ ವಾಪಸ್ ಬರಬೇಕಿತ್ತು, ಬಂದ. ಮರುದಿನ ಮತ್ತೆ ನಡೆದು ಹೋಗಿ ತಾನೇ ಗುಂಡಿ ತೋಡಿ ಹೂತು ಬಂದ. ಇದು ಅವನೇ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿದೆ. ಕೆಲವೇ ವಾರಗಳಲ್ಲಿ ಉಳಿದ ಮಕ್ಕಳು, ಹೆಂಡತಿ, ಕೊನೆಗೆ ಅವನೂ ತೀರಿಕೊಂಡರು. ಹೊರದಬ್ಬಿದ ಸುಮಾರು ನಾನೂರು ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು.

ಇದು ಪತ್ರಿಕೆಗಳಲ್ಲಿ ಬಂದು ಗಲಾಟೆಯಾಯಿತು. ಅಲ್ಲಿದ್ದ ಬೋಧಕ ಜಾನ್ ಫೀ ಬಿಡದೆ ಹೋರಾಡಿದ. 1865ರ ಮಾರ್ಚ್ 3ರಂದು ಸೈನಿಕರ ಹೆಂಡತಿ ಮಕ್ಕಳು ಸ್ವತಂತ್ರರು ಎಂಬ ಕಾನೂನು ಬಂತು. ಲಿಂಕನ್ ಆ 'ಒಂದೇ ಬೈಬಲ್' ಭಾಷಣ ಮಾಡಿದ್ದು ಅದರ ಮರುದಿನ.

ಸಂಶಯಾತ್ಮ:

ಕಪ್ಪುಹಲಗೆಯವರೇ, ರೈಸ್‌ನ ಕಾಗದ ಹುಡುಕಿ ಪೂರ್ತಿ ಓದಿದೆ. ಕಾಗುಣಿತ ತಪ್ಪು ತಪ್ಪಾಗಿದೆ, ಒಂದು ಸಾಲೂ ಅಳುಕಿಲ್ಲ. ನಾನು ಮೇಲೆ ಹೇಳಿದ್ದು ಈ ಮನುಷ್ಯನಿಗೆ ಅನ್ವಯಿಸಲ್ಲ, ಸರಿ. ಅಧಿಕಾರಿಗೆ ಅನುಕೂಲವಾಗೋ ದೇವರಲ್ಲ ಇವನ ದೇವರು. ಆದರೆ ಕಿಟ್ಟಿ ಡಿಗ್ಸ್ ಕೂಡ ಕ್ರೈಸ್ತಳೇ, ಭಾನುವಾರ ಚರ್ಚಿಗೆ ಹೋಗಿರಬೇಕು. ಸ್ಟೋನ್‌ವಾಲ್ ಜಾಕ್ಸನ್ ತನ್ನೂರಿನಲ್ಲಿ ಕಪ್ಪು ಜನರಿಗೆ ಭಾನುವಾರದ ಶಾಲೆ ನಡೆಸ್ತಿದ್ದ, ಯುದ್ಧಭೂಮಿಯಿಂದ ಅದಕ್ಕೆ ದುಡ್ಡು ಕಳಿಸಿದ, ಗುಲಾಮರನ್ನೂ ಇಟ್ಟುಕೊಂಡಿದ್ದ, ಗುಲಾಮಗಿರಿ ಉಳಿಸೋ ಸೈನ್ಯಕ್ಕೆ ಸೇನಾಪತಿಯೂ ಆಗಿದ್ದ. ಒಂದೇ ತಲೆಯಲ್ಲಿ ಇವೆಲ್ಲ ಹೇಗೆ ಹಿಡಿಸ್ತಿದ್ವು ಅನ್ನೋದು ನನಗೆ ಇನ್ನೂ ಬಗೆಹರಿದಿಲ್ಲ.

ಕಪ್ಪುಹಲಗೆ:

ನನಗೂ ಬಗೆಹರಿದಿಲ್ಲ ಸರ್. ಬಗೆಹರಿಯಬೇಕು ಅಂತಲೂ ಇಲ್ಲ. ಸಂಬಳದ ವಿಷಯ ಒಂದು ಸೇರಿಸಿಬಿಡುತ್ತೇನೆ: ಕಪ್ಪು ಸೈನಿಕರಿಗೆ 10 ಡಾಲರ್ ಸಂಬಳ, ಅದರಲ್ಲಿ ಬಟ್ಟೆಗೆಂದು 3 ಮುರಿದುಕೊಳ್ಳುತ್ತಿದ್ದರು. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟು ಇದನ್ನು ಪ್ರತಿಭಟಿಸಿ ಒಂದೂವರೆ ವರ್ಷ ಸಂಬಳವನ್ನೇ ಮುಟ್ಟಲಿಲ್ಲ. ಆ ಹೊತ್ತಿನಲ್ಲಿ ಅವರ ಮನೆಗಳಲ್ಲಿ ಒಲೆ ಉರಿದದ್ದು ಹೇಗೆ ಎಂದು ಯೋಚಿಸಿ. ಅದರ ಬೋಧಕ ಸ್ಯಾಮ್ಯುಯೆಲ್ ಹ್ಯಾರಿಸನ್‌ಗೂ ಬಿಳಿಯ ಬೋಧಕರ 100 ಡಾಲರ್ ಕೊಡಲಿಲ್ಲ. ಅವರ ಪ್ರಕರಣದ ಮೇಲೆಯೇ ಅಟಾರ್ನಿ ಜನರಲ್ ಬೇಟ್ಸ್ 1864ರ ಏಪ್ರಿಲ್‌ನಲ್ಲಿ ಪೂರ್ತಿ ಸಂಬಳ ಕೊಡಬೇಕು ಎಂದು ಅಭಿಪ್ರಾಯ ಕೊಟ್ಟದ್ದು.

ನಿವೃತ್ತ ಹವಾಲ್ದಾರ್:

ಎಲ್ಲಕ್ಕಿಂತ ಕಷ್ಟದ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಸತ್ತ ಮೇಲೆ ಮನೆಗೆ ಹೋಗೋ ಕಾಗದ. ಆಗ ಸರ್ಕಾರದಿಂದ ತಂತಿ ಬರೋ ಪದ್ಧತಿ ಇರಲಿಲ್ಲ. ಗುರುತಿನ ಬಿಲ್ಲೆಯೂ ಇರಲಿಲ್ಲ. 1864ರ ಜೂನ್‌ನಲ್ಲಿ ಕೋಲ್ಡ್ ಹಾರ್ಬರ್ ಕಾಳಗಕ್ಕೆ ಮುಂಚೆ ಸೈನಿಕರು ಚೀಟಿಯಲ್ಲಿ ಹೆಸರು, ಊರು ಬರೆದು ಅಂಗಿಯ ಬೆನ್ನಿಗೆ ಪಿನ್ನು ಹಾಕ್ಕೊಳ್ತಿದ್ದದ್ದನ್ನ ಗ್ರ್ಯಾಂಟ್‌ನ ಸಹಾಯಕ ಅಧಿಕಾರಿ ಹೊರೇಸ್ ಪೋರ್ಟರ್ ಬರೆದಿಟ್ಟಿದ್ದಾನೆ.

ಸತ್ತ ಸುದ್ದಿ ಬರೀತಿದ್ದದ್ದು ಡೇರೆಯ ಜೊತೆಗಾರ, ದಾದಿ, ಇಲ್ಲ ಬೋಧಕ. ಆ ಕಾಗದಗಳಿಗೆ ಒಂದು ಕ್ರಮ ಇದೆ. ಪ್ರಜ್ಞೆ ಇತ್ತಾ, ನೋವು ಹೇಗಿತ್ತು, ಪ್ರಾರ್ಥನೆ ಮಾಡಿದನಾ, ಸಾಯೋಕೆ ಸಿದ್ಧ ಅಂತ ಹೇಳಿದನಾ, ಯಾರ ಹೆಸರು ಕರೆದ, ಎಲ್ಲಿ ಹೂತಿದೀವಿ. ಮನೆಯವರು ಹಾಸಿಗೆ ಪಕ್ಕ ಇದ್ದಿದ್ರೆ ಏನೇನು ನೋಡ್ತಿದ್ರೋ ಅಷ್ಟನ್ನೂ ಬರೀಬೇಕು. ಎಲ್ಲ ನಿಜಾನೇ ಬರೆದರು ಅಂತ ನನಗೇನೂ ಅನ್ನಿಸಲ್ಲ. ಹೊಟ್ಟೆಗೆ ಗುಂಡು ಬಿದ್ದವನು ಶಾಂತವಾಗಿ ಕಣ್ಣು ಮುಚ್ಚಿದ ಅಂತ ಬರೆದಿರ್ತಾರೆ. ಅಂಥ ಕಡೆ ಸುಳ್ಳು ಹೇಳೋದು ತಪ್ಪಲ್ಲ ಬಿಡಿ.

ಕವಿ ವಾಲ್ಟ್ ವಿಟ್ಮನ್ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡ್ತಿದ್ದ, ಹಣ್ಣು, ಹೊಗೆಸೊಪ್ಪು, ಅಂಚೆಚೀಟಿ ಚೀಲದಲ್ಲಿಟ್ಕೊಂಡು. ಒಬ್ಬ ಹುಡುಗ ಹೊಸ ಒಡಂಬಡಿಕೆ ಓದು ಅಂದ. ಯಾವುದು ಅಂದ್ರೆ ನಿನ್ನಿಷ್ಟ ಅಂದ. ಶಿಲುಬೆಗೇರಿಸಿದ ಭಾಗ ಓದಿದ್ದಕ್ಕೆ ಮುಂದಿನದೂ ಓದು, ಎದ್ದು ಬಂದದ್ದು ಅಂದ. ಆಮೇಲೆ ನಿನಗೆ ದೈವಭಕ್ತಿ ಇದೆಯಾ ಅಂತ ಕೇಳಿದ. ನೀನು ಅಂದುಕೊಂಡ ಹಾಗೆ ಇಲ್ಲವೇನೋ, ಆದ್ರೂ ಎರಡೂ ಒಂದೇ ಇರಬಹುದು ಅಂದನಂತೆ ಕವಿ. ಹುಡುಗ ಕೆಲವು ದಿನಕ್ಕೆ ತೀರಿಕೊಂಡ.

ರಾತ್ರಿಪಾಳಿ:

ಹೆಸರ ಗೊತ್ತಿಲ್ಲದವರು ಸತ್ತರ ಏನ್ ಮಾಡ್ತಿದ್ರು ಸಾಹೇಬ್ರ?

ಹಳೇಕಾಗದ:

ಬಹುಪಾಲು 'ಅಪರಿಚಿತ' ಅಂತ ಹೂತುಬಿಡೋರು. ಒಬ್ಬನ ಕತೆ ಮಾತ್ರ ಬೇರೆ ಆಯ್ತು. ಗೆಟ್ಟಿಸ್‌ಬರ್ಗಿನ ಮೊದಲ ದಿನದ ಕಾಳಗದಲ್ಲಿ ಸತ್ತ ಒಬ್ಬ ಉತ್ತರದ ಸೈನಿಕನ ಕೈಯಲ್ಲಿ ಗಾಜಿನ ಮೇಲೆ ತೆಗೆದ ಒಂದು ಫೋಟೋ ಸಿಕ್ಕಿತು, ಮೂರು ಮಕ್ಕಳದ್ದು. ಹೆಸರಿಲ್ಲ, ರೆಜಿಮೆಂಟ್ ನಂಬರಿಲ್ಲ. ಅದು ಫಿಲಡೆಲ್ಫಿಯಾದ ವೈದ್ಯ ಜಾನ್ ಬೋರ್ನ್ಸ್ ಕೈ ಸೇರಿತು. ಆಗ ಪತ್ರಿಕೆಯಲ್ಲಿ ಫೋಟೋ ಅಚ್ಚು ಹಾಕೋಕೆ ಆಗ್ತಿರಲಿಲ್ಲ. ಹಾಗಾಗಿ 1863ರ ಅಕ್ಟೋಬರ್‌ನಲ್ಲಿ 'ಇವನು ಯಾರ ತಂದೆ?' ಅನ್ನೋ ತಲೆಬರಹದಲ್ಲಿ ಮಕ್ಕಳ ವರ್ಣನೆ ಮಾತ್ರ ಅಚ್ಚಾಯ್ತು. ವಯಸ್ಸು ಅಂದಾಜು ಇಷ್ಟಿಷ್ಟು, ದೊಡ್ಡ ಹುಡುಗನ ಅಂಗಿ ಮತ್ತೆ ಹುಡುಗಿಯ ಲಂಗ ಒಂದೇ ಬಟ್ಟೆಯದು.

ಒಂದು ಪ್ರೆಸ್‌ಬಿಟೇರಿಯನ್ ಚರ್ಚಿನ ವಾರಪತ್ರಿಕೆಯೂ ಇದನ್ನ ಹಾಕ್ತು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಅನ್ನೋ ಸಣ್ಣ ಊರಲ್ಲಿ ಅದನ್ನ ಓದಿದವರಿಂದ ಫಿಲಿಂಡಾ ಹ್ಯೂಮಿಸ್ಟನ್‌ಗೆ ಗೊತ್ತಾಯ್ತು. ಗಂಡ ಏಮಸ್, 154ನೇ ನ್ಯೂಯಾರ್ಕ್ ರೆಜಿಮೆಂಟಿನ ಸಾರ್ಜೆಂಟ್, ಜುಲೈನಿಂದ ಕಾಗದ ಇಲ್ಲ. ಮಕ್ಕಳ ಫೋಟೋ ಕಳಿಸಿದ್ದವಳು ಅವಳೇ, ಆ ವಸಂತದಲ್ಲಿ. ವೈದ್ಯ ಕಳಿಸಿದ ನಕಲು ನೋಡಿದಾಗ ತಾನು ವಿಧವೆ ಅಂತ ಖಚಿತವಾಯ್ತು. ಗುರುತು ಹಿಡಿಯೋಕೆ ದಾರಿ ಆದದ್ದು ಅವಳೇ ಒಂದೇ ತಾನಿನಲ್ಲಿ ಹೊಲಿಸಿದ ಬಟ್ಟೆ, ಅದನ್ನ ತಲುಪಿಸಿದ್ದು ಚರ್ಚಿನ ಪತ್ರಿಕೆ. ಹುಡುಗಿಯವರು ಹೇಳ್ತಿದ್ದದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ.

ಸಂಶಯಾತ್ಮ:

ಪೂರ್ತಿ ಹೇಳಿಬಿಡಿ ಸ್ವಾಮಿ. ಆ ಫೋಟೋದ ನಕಲು ಭಾನುವಾರದ ಶಾಲೆಗಳ ಮೂಲಕ ಮಾರಿ, ಚಂದಾ ಎತ್ತಿ 1866ರಲ್ಲಿ ಗೆಟ್ಟಿಸ್‌ಬರ್ಗಿನಲ್ಲಿ ಸೈನಿಕರ ಅನಾಥ ಮಕ್ಕಳಿಗೆ ಆಶ್ರಮ ಕಟ್ಟಿದ್ರು. ಹ್ಯೂಮಿಸ್ಟನ್ ಮಕ್ಕಳೂ ಕೆಲವು ವರ್ಷ ಅಲ್ಲೇ ಇದ್ರು. ಆಮೇಲೆ ಬಂದ ಮೇಲ್ವಿಚಾರಕಿ ಮಕ್ಕಳಿಗೆ ಹಿಂಸೆ ಕೊಟ್ಟು ಕೋರ್ಟು ಹತ್ತಿದಳು, ವೈದ್ಯ ಬೋರ್ನ್ಸ್ ಮೇಲೂ ಹಣ ನುಂಗಿದ ಆರೋಪ ಬಂತು, 1870ರ ದಶಕದ ಕೊನೆಗೆ ಬಾಗಿಲು ಹಾಕ್ತು.

ಪಾದ್ರಿಮನೆ ಹುಡುಗಿ:

ಅದೂ ನಿಜ. ಆ ಹೊತ್ತಿಗೆ ಹ್ಯೂಮಿಸ್ಟನ್ ಮಕ್ಕಳು ಅಲ್ಲಿರಲಿಲ್ಲ, ಫಿಲಿಂಡಾ ಒಬ್ಬ ಬೋಧಕರನ್ನು ಮರುಮದುವೆಯಾಗಿ ಹೊರಟುಹೋಗಿದ್ರು.

ನನಗೆ ಕಾಡೋದು ಇನ್ನೊಂದು. ಇಷ್ಟು ಹೊತ್ತು ಓದಿದ್ದೆಲ್ಲ ಗಂಡಸರು ಮನೆಗೆ ಬರೆದದ್ದು. ಮನೆಯಿಂದ ಹೋದ ಕಾಗದಗಳೆಲ್ಲಿ? ಹೆಂಗಸರು ಗಂಡನ ಕಾಗದವನ್ನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ರು. ಗಂಡಸರಿಗೆ ಬೆನ್ನಚೀಲದಲ್ಲಿ ಜಾಗ ಇರಲಿಲ್ಲ, ಮಳೆಗೆ ನೆನೆದು ಹೋದವು, ಅಪರಿಚಿತರ ಕೈಗೆ ಸಿಗಬಾರದು ಅಂತ ಕಾಳಗಕ್ಕೆ ಮುಂಚೆ ಸುಟ್ಟವರೂ ಇದ್ದಾರೆ. 'ನಿನ್ನ ಕಾಗದ ಸುಟ್ಟೆ, ಕ್ಷಮಿಸು' ಅನ್ನೋ ಥರದ ಸಾಲು ಬರುತ್ತೆ. ಹಾಗಾಗಿ ಅವಳು ಏನು ಬೇಡಿಕೊಂಡಳು, ಯಾವಾಗ ಸಿಟ್ಟಾದಳು, ಯಾವ ವಾರ ಪ್ರಾರ್ಥನೆ ಮಾಡೋಕೆ ಮನಸ್ಸು ಬರಲಿಲ್ಲ ಅನ್ನೋದನ್ನ ಅವನ ಉತ್ತರದಿಂದ ಊಹಿಸಬೇಕು.

ಇತಿಹಾಸ ಮೇಷ್ಟ್ರು:

ದಕ್ಷಿಣದ ಹೆಂಗಸರ ಸಿಟ್ಟು ಬೇರೆ ಕಡೆ ಉಳಿದಿದೆ, ತಂಗಿ. ರಾಜ್ಯಪಾಲರಿಗೆ, ಯುದ್ಧ ಇಲಾಖೆಗೆ ಬರೆದ ಅರ್ಜಿಗಳಲ್ಲಿ. ಗಂಡನನ್ನು ಬಿಟ್ಟು ಕಳಿಸಿ, ಬಿತ್ತುವವರಿಲ್ಲ, ಮಕ್ಕಳಿಗೆ ಹಿಟ್ಟಿಲ್ಲ. 1864ರ ಕೊನೆಯಿಂದ ಲೀಯ ಸೈನ್ಯದಲ್ಲಿ ಓಡಿಹೋಗುವವರು ಹೆಚ್ಚಿದ್ದಕ್ಕೆ ಮನೆಯಿಂದ ಬಂದ ಇಂಥ ಕಾಗದಗಳೇ ಕಾರಣ ಎಂದು ಅಧಿಕಾರಿಗಳೇ ಗೊಣಗಿದ್ದಾರೆ. ಮನೆ ಮತ್ತು ನಂಬಿಕೆ ಅವರನ್ನು ರಣರಂಗದಲ್ಲಿ ಹಿಡಿದು ನಿಲ್ಲಿಸಿದ ಹಾಗೆ ಕೊನೆಗೆ ಅಲ್ಲಿಂದ ಎಬ್ಬಿಸಿಕೊಂಡು ಬಂದದ್ದೂ ಮನೆಯೇ.

ಎರಡೂ ಬದಿಯನ್ನು ಒಟ್ಟಿಗೆ ನೋಡಬೇಕೆಂದರೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ, ಅಂತರ್ಜಾಲದಲ್ಲಿರುವ 'ವ್ಯಾಲಿ ಆಫ್ ದ ಶ್ಯಾಡೊ' ಸಂಗ್ರಹ ನೋಡಿ. ಒಂದೇ ಕಣಿವೆಯ ಎರಡು ಕೌಂಟಿ (ಜಿಲ್ಲೆ), ಉತ್ತರದ ಪೆನ್ಸಿಲ್ವೇನಿಯಾದ ಫ್ರ್ಯಾಂಕ್ಲಿನ್ ಮತ್ತು ದಕ್ಷಿಣದ ವರ್ಜೀನಿಯಾದ ಆಗಸ್ಟಾ. ಕಾಗದ, ದಿನಚರಿ, ಊರಿನ ಪತ್ರಿಕೆ, ಚರ್ಚಿನ ದಾಖಲೆ ಎಲ್ಲ ಇದೆ. ದುಡ್ಡು ಕೊಡಬೇಕಿಲ್ಲ.

ಹಳೇಕಾಗದ:

ಧನ್ಯವಾದ ಮೇಷ್ಟ್ರೇ. ಫ್ರ್ಯಾಂಕ್ಲಿನ್ ಕಡೆಯ ಕಾಗದಗಳನ್ನ ನಾನು ಓದಿ ಇಲ್ಲೇ ಹಾಕ್ತಾ ಹೋಗ್ತೀನಿ. ಆಗಸ್ಟಾ ಕಡೆಯದನ್ನ ಯಾರಾದರೂ ವಹಿಸಿಕೊಳ್ತೀರಾ? ಸಂಶಯಾತ್ಮ ಅವರು ಒಪ್ಪಿದ್ರೆ ಚರ್ಚಿನ ದಾಖಲೆಗಳನ್ನ ಅವರಿಗೇ ಬಿಡೋಣ ಅಂತ.

ಸಂಶಯಾತ್ಮ:

ಕೊಡಿ. ಹುಡುಗಿಯವರು ಪಕ್ಕದಲ್ಲಿ ಕೂತು ತಿದ್ದೋದಾದರೆ.